ಎಲ್ಲಿ ನಿಲ್ಲಿಸಬೇಕು, ಹೇಗೆ ಎಣಿಸಬೇಕು: ನಾಣ್ಯ ಚಿಮ್ಮುವ ಒಗಟುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಅತಿ ಹೆಚ್ಚು ಪ್ರಶ್ನೆ ಬರುವುದು ಒಂದೇ ಜಾತಿಯ ಒಗಟುಗಳ ಮೇಲೆ: "ಇಂಥದ್ದು ಬೀಳುವವರೆಗೆ ನಾಣ್ಯ ಚಿಮ್ಮುತ್ತಾ ಹೋಗಿ, ಆಮೇಲೆ ನಿಲ್ಲಿಸಿ." ತರಗತಿಯಲ್ಲಿ ಕೇಳುತ್ತಾರೆ, ಕಾಗದ ಬರೆದು ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಕೇಳಿದ್ದಾರೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿ, ಸುಲಭದ್ದನ್ನು ಮೊದಲಿಟ್ಟು, ಉತ್ತರ ಬರೆದಿದ್ದೇನೆ. ಹೆಡ್ ಬಿದ್ದರೆ 1, ಟೇಲ್ ಬಿದ್ದರೆ 0 ಎಂದು ಬರೆಯುತ್ತೇನೆ. ಬೇರೆ ಹೇಳದಿದ್ದರೆ ನಾಣ್ಯ ಎರಡೂ ಕಡೆಗೆ ಸಮ ಎಂದು ತಿಳಿಯಿರಿ.

## ಮೊದಲ ಪಾಠ

ದ್ವಿಮಾನ ಸಾಲು, ನಿಲ್ಲಿಸುವ ನಿಯಮ ಅಂದ್ರೆ ಏನು ಮೇಡಂ? ಸರಳವಾಗಿ ಹೇಳಿ.

ಬರೀ 0 ಮತ್ತು 1 ಇರುವ ಸಾಲು ದ್ವಿಮಾನ ಸಾಲು. ನಾಣ್ಯ ಚಿಮ್ಮುತ್ತಾ ಬಿದ್ದದ್ದನ್ನು ಒಂದರ ಪಕ್ಕ ಒಂದು ಬರೆದರೆ ಅದೇ ಆಯಿತು. ಯಾವಾಗ ಕೈ ನಿಲ್ಲಿಸಬೇಕು ಎಂದು ಮೊದಲೇ ಮಾಡಿಕೊಂಡ ಒಪ್ಪಂದ ನಿಲ್ಲಿಸುವ ನಿಯಮ. "ಮೊದಲ 1 ಬಿದ್ದೊಡನೆ ನಿಲ್ಲಿಸು" ಎಂಬುದು ನಿಯಮವಾದರೆ ಮುಗಿದ ಸಾಲುಗಳು 1, 01, 001, 0001… ಹೀಗೆ.

ನಿಯಮಕ್ಕೆ ಒಂದೇ ಷರತ್ತು: ಇಲ್ಲಿಯವರೆಗೆ ಬಿದ್ದದ್ದನ್ನಷ್ಟೇ ನೋಡಿ ತೀರ್ಮಾನಿಸಲು ಬರಬೇಕು. "ಮುಂದಿನದು 0 ಆಗುವುದಾದರೆ ಈಗಲೇ ನಿಲ್ಲಿಸು" ಎಂಬುದು ನಿಯಮವಲ್ಲ, ಮುಂದಿನದು ಯಾರಿಗೂ ಕಾಣುವುದಿಲ್ಲ. ಈ ಷರತ್ತಿನಿಂದಲೇ ಒಂದು ಗುಣ ಹುಟ್ಟುತ್ತದೆ. ಮುಗಿದ ಯಾವ ಸಾಲೂ ಇನ್ನೊಂದು ಮುಗಿದ ಸಾಲಿನ ಆರಂಭದ ತುಂಡಾಗಿರುವುದಿಲ್ಲ. 01ರಲ್ಲಿ ಆಟ ಮುಗಿದಿದೆ ಎಂದರೆ 0110 ಎಂಬ ಆಟ ನಡೆದಿರಲಾರದು.

ಬ್ಯಾಡ್ಮಿಂಟನ್ ಮ್ಯಾಚು ಆರು ರೀತಿ ಮುಗಿಯಬಹುದು. ಹಾಗಾದರೆ ಒಂದೊಂದಕ್ಕೂ ಆರರಲ್ಲಿ ಒಂದು ತಾನೇ?

ಅಲ್ಲ. ಈ ಪ್ರಶ್ನೆ ಸರಿಯಾಗಿ ಅರ್ಥವಾದರೆ ಮುಂದಿನ ಅರ್ಧ ದಾರಿ ಸವೆದಂತೆಯೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಮೂರರಲ್ಲಿ ಎರಡು ಗೇಮ್ ಗೆದ್ದವರಿಗೆ ಪಂದ್ಯ. ಒಬ್ಬರ ಗೆಲುವು 1, ಇನ್ನೊಬ್ಬರದು 0. ಮುಗಿಯುವ ಸಾಲುಗಳು: 11, 00, 101, 011, 010, 100. ಪಟ್ಟಿಯಲ್ಲಿ ಆರು ಇರುವುದು ನಿಜ. ಇಬ್ಬರೂ ಸರಿಸಮಾನರಾದರೆ 11ರ ಸಂಭವನೀಯತೆ 1/4, 101ರದು 1/8. ಎರಡು ಗೇಮ್‌ಗೆ ಮುಗಿಯುವ ಸಾಲು ಒಂದೊಂದೂ ಕಾಲು ಪಾಲು, ಮೂರಕ್ಕೆ ಹೋಗುವುದು ಒಂದೊಂದೂ ಅರೆಕಾಲು. ಪಂದ್ಯ ಮೂರನೇ ಗೇಮ್‌ಗೆ ಹೋಗುವ ಸಂಭವನೀಯತೆ 4 × 1/8, ಅಂದರೆ ಅರ್ಧ. ಸಾಲು ಎಣಿಸಿ "ಆರರಲ್ಲಿ ನಾಲ್ಕು" ಎಂದಿದ್ದರೆ ಮೂರರಲ್ಲಿ ಎರಡು ಬರುತ್ತಿತ್ತು, ತಪ್ಪಾಗುತ್ತಿತ್ತು.

ಉದ್ದ ಒಂದು ಹೆಜ್ಜೆ ಬೆಳೆದರೆ ಸಾಲಿನ ತೂಕ, ಅಂದರೆ ಅದರ ಸಂಭವನೀಯತೆ, ಅರ್ಧಕ್ಕೆ ಇಳಿಯುತ್ತದೆ. ಒಂದೇ ಉದ್ದದ ಸಾಲುಗಳನ್ನು ತಲೆ ಎಣಿಸಿ ಕೂಡಿಸಬಹುದು. ಬೇರೆ ಬೇರೆ ಉದ್ದದವನ್ನು ಮಾತ್ರ ತೂಗಿಯೇ ಕೂಡಿಸಬೇಕು. ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ಈ ಅಧ್ಯಾಯದ ತಪ್ಪು ಬಹುತೇಕ ಇಲ್ಲೇ ಸಿಗುತ್ತದೆ.

ಆಟ ಮುಗಿದ ಮೇಲೂ ಚಿಮ್ಮಿದ ಹಾಗೆ ಲೆಕ್ಕ ಹಾಕ್ತೀರಲ್ಲ, ನಡೆಯದೇ ಇರೋ ಆಟ ಎಣಿಸೋದು ಮೋಸ ಅಲ್ವಾ?

ಇದೇ ಆಕ್ಷೇಪವನ್ನು 1654ರಲ್ಲಿ ಫ್ರಾನ್ಸಿನ ಗಣಿತಜ್ಞ ರೊಬೆರ್ವಾಲ್ ಎತ್ತಿದ್ದರು. ಆಗ ಫರ್ಮಾ ಮತ್ತು ಪ್ಯಾಸ್ಕಲ್ ಪತ್ರದ ಮೂಲಕ ಚರ್ಚಿಸುತ್ತಿದ್ದ ಪ್ರಶ್ನೆ ಇದು: ಇಬ್ಬರು ಪಣ ಕಟ್ಟಿ ಆಡುತ್ತಿದ್ದಾರೆ, ಆಟ ನಡುವೆಯೇ ನಿಂತುಹೋಯಿತು. ಮೊದಲನೆಯವನಿಗೆ ಗೆಲ್ಲಲು ಇನ್ನು 2 ಬೇಕು, ಎರಡನೆಯವನಿಗೆ 3 ಬೇಕು. ಪಣವನ್ನು ಹೇಗೆ ಹಂಚಬೇಕು?

ಇನ್ನು 4 ಸುತ್ತಿನೊಳಗೆ ಆಟ ಮುಗಿಯಲೇಬೇಕು. ಫರ್ಮಾ ನಾಲ್ಕೂ ಸುತ್ತು ಆಡಿದಂತೆ ಭಾವಿಸಿದರು. ಒಟ್ಟು 16 ಸಾಲು. ಅವುಗಳಲ್ಲಿ 11ರಲ್ಲಿ ಮೊದಲನೆಯವನಿಗೆ ಎರಡು ಗೆಲುವಾದರೂ ಇದೆ, ಉಳಿದ 5ರಲ್ಲಿ ಇಲ್ಲ. ಪಣ 11:5ರಂತೆ ಹಂಚಿಕೆ. ಮುಂದಿನ ಎರಡು ಸುತ್ತನ್ನೂ ಮೊದಲನೆಯವನೇ ಗೆದ್ದರೆ ಆಟ ಅಲ್ಲೇ ಮುಗಿಯುತ್ತದಲ್ಲ, ನಾಲ್ಕು ಸುತ್ತು ಎಲ್ಲಿಂದ ಬಂತು ಎಂಬುದು ರೊಬೆರ್ವಾಲ್ ತಕರಾರು.

ನಿಜವಾಗಿ ಮುಗಿಯುವ ಸಾಲುಗಳನ್ನೇ ಬರೆಯೋಣ. ಮೊದಲನೆಯವನ ಗೆಲುವು 1 ಆದರೆ, ಅವನು ಗೆಲ್ಲುವುದು 11, 101, 011, 1001, 0101, 0011: ಒಟ್ಟು 6. ಇನ್ನೊಬ್ಬ ಗೆಲ್ಲುವುದು 000, 1000, 0100, 0010: ಒಟ್ಟು 4. ತಲೆ ಎಣಿಸಿದರೆ 6:4 ಬರುತ್ತದೆ. ತೂಗಿ ನೋಡಿ: 1/4 + 2/8 + 3/16 = 11/16. ಫರ್ಮಾ ಹೇಳಿದ್ದೇ ಬಂತು. 11 ಎಂಬ ಪುಟ್ಟ ಸಾಲು 1100, 1101, 1110, 1111 ಎಂಬ ನಾಲ್ಕರ ಪ್ರತಿನಿಧಿ. ಆಟ ಮುಂದುವರಿಸಿದಂತೆ ಎಣಿಸುವುದು, ಮುಗಿದ ಸಾಲಿಗೆ ಸಲ್ಲಬೇಕಾದ ತೂಕ ಕೊಡುವ ಇನ್ನೊಂದು ದಾರಿ, ಅಷ್ಟೆ. ಹೆಚ್ಚಿನ ಸುತ್ತುಗಳು ಗೆದ್ದವನನ್ನು ಸೋಲಿಸಲಾರವು ಎಂದು ಪ್ಯಾಸ್ಕಲ್ ಉತ್ತರ ಕೊಟ್ಟರು.

ಆದರೆ ಆಟಗಾರರು ಮೂವರಾದಾಗ ಸ್ವತಃ ಪ್ಯಾಸ್ಕಲ್ ಎಡವಿದರು. ಒಬ್ಬನಿಗೆ 1, ಉಳಿದಿಬ್ಬರಿಗೆ ತಲಾ 2 ಬೇಕು ಎಂದಾಗ ಮೂರು ಸುತ್ತಿಗೆ 27 ಸಾಲು. ಕೆಲವು ಸಾಲುಗಳಲ್ಲಿ ಇಬ್ಬರೂ ಗುರಿ ಮುಟ್ಟಿದಂತೆ ಕಾಣುತ್ತದೆ. ಪ್ಯಾಸ್ಕಲ್ ಅಂಥವನ್ನು ಅರ್ಧರ್ಧ ಹಂಚಿದರು. ಮೊದಲು ಮುಟ್ಟಿದವನೇ ಗೆದ್ದ ಎಂದು ಫರ್ಮಾ ತಿದ್ದಿ 17, 5, 5 ಎಂದು ಸರಿ ಉತ್ತರ ಕೊಟ್ಟರು. ಸಾಲನ್ನು ಉದ್ದ ಮಾಡಬಹುದು, ಎಲ್ಲಿ ನಿಂತಿತ್ತು ಎಂಬುದನ್ನು ಮಾತ್ರ ಮರೆಯಬಾರದು.

## ಎಣಿಕೆಯ ಕೈಕೆಲಸ

ಬೆನ್ನುಬೆನ್ನಿಗೆ ಎರಡು ಹೆಡ್ ಬರುವವರೆಗೆ ಚಿಮ್ಮಿದರೆ ಅದರಲ್ಲಿ ಫಿಬೊನಾಚಿ ಸಂಖ್ಯೆ ಎಲ್ಲಿಂದ ನುಸುಳಿತು?

ಮುಗಿದ ಸಾಲುಗಳನ್ನು ಉದ್ದದ ಪ್ರಕಾರ ಬರೆಯಿರಿ. ಉದ್ದ 2ಕ್ಕೆ 11. ಉದ್ದ 3ಕ್ಕೆ 011. ಉದ್ದ 4ಕ್ಕೆ 0011, 1011. ಉದ್ದ 5ಕ್ಕೆ 00011, 01011, 10011. ಉದ್ದ 6ಕ್ಕೆ ಐದು. ಎಣಿಕೆ 1, 1, 2, 3, 5, 8… ಎಂದು ಸಾಗುತ್ತದೆ.

ಕಾರಣ ಕಾಣಬೇಕಾದರೆ ಕೊನೆಯ 11 ಅನ್ನು ಬೆರಳಿನಿಂದ ಮುಚ್ಚಿ ನೋಡಿ. ಉಳಿದ ಭಾಗದಲ್ಲಿ ಪ್ರತಿ 1ರ ನಂತರವೇ 0 ಬಂದಿರಲೇಬೇಕು, ಇಲ್ಲದಿದ್ದರೆ ಆಟ ಆಗಲೇ ಮುಗಿದಿರುತ್ತಿತ್ತು. ಹಾಗಾಗಿ ಆ ಭಾಗ 0 ಮತ್ತು 10 ಎಂಬ ಎರಡೇ ಬಗೆಯ ಇಟ್ಟಿಗೆಗಳಿಂದ ಕಟ್ಟಿದ್ದು. ಒಂದು ಇಟ್ಟಿಗೆಯ ಉದ್ದ 1, ಇನ್ನೊಂದರದು 2.

ಕನ್ನಡ ಮೇಷ್ಟರ ಹತ್ತಿರ ಪ್ರಸ್ತಾರ ಹಾಕಲು ಕಲಿತವರಿಗೆ ಇದು ಹೊಸತೇ ಅಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 0 ಎಂಬುದು ಲಘು, 10 ಎಂಬುದು ಗುರು ಎಂದುಕೊಂಡರೆ, ಕಂದಪದ್ಯದಲ್ಲಿ ಬರುವ ನಾಲ್ಕು ಮಾತ್ರೆಯ ಗಣಗಳು ಐದೇ ಏಕೆ ಎಂಬುದಕ್ಕೂ ಉದ್ದ 6ರ ಸಾಲುಗಳು ಐದೇ ಏಕೆ ಎಂಬುದಕ್ಕೂ ಉತ್ತರ ಒಂದೇ. ಗುರು ಗುರು ಎಂದರೆ 1010 11. ಲಘು ಲಘು ಗುರು 0010 11. ಲಘು ಗುರು ಲಘು 0100 11. ಗುರು ಲಘು ಲಘು 1000 11. ನಾಲ್ಕೂ ಲಘು 0000 11. ಮಾತ್ರೆಗಳ ಈ ಎಣಿಕೆಯನ್ನು ಪ್ರಾಕೃತ ಛಂದಸ್ಸಿನ ವಿರಹಾಂಕ, ಆಮೇಲೆ ಸುಮಾರು 1150ರಲ್ಲಿ ಹೇಮಚಂದ್ರ ವಿವರಿಸಿದ್ದರು. ಇಟಲಿಯ ಫಿಬೊನಾಚಿ ತನ್ನ ಗ್ರಂಥ ಬರೆದದ್ದು 1202ರಲ್ಲಿ. ಬೋರ್ಡಿನ ಮೇಲೆ ಗಣ ವಿಂಗಡಿಸಿ, ಅದರಡಿಯೇ 0 ಮತ್ತು 1 ಬರೆದಾಗ ಮಕ್ಕಳ ಮುಖ ಅರಳುವುದನ್ನು ನೋಡುವುದು ನನಗೆ ಪ್ರತಿ ವರ್ಷದ ಸಂತೋಷ.

0101010101… ಅಂತ ಎಂದೂ ಮುಗಿಯದ ಸಾಲುಗಳೂ ಇವೆಯಲ್ಲ? ಅವನ್ನು ಬಿಟ್ಟರೆ ಮೊತ್ತ 1 ಹೇಗಾಗುತ್ತೆ?

ಇವೆ, ಅದೂ ಎಣಿಸಲಾರದಷ್ಟು ಇವೆ. ಆದರೆ ಅವೆಲ್ಲ ಸೇರಿದರೂ ತೂಕ ಸೊನ್ನೆ. ಬೆನ್ನುಬೆನ್ನಿಗೆ ಎರಡು 1 ಬಾರದ 10 ಉದ್ದದ ಸಾಲುಗಳು 144. ಒಟ್ಟು ಸಾಲು 1024. ಅಂದರೆ ಹತ್ತು ಎಸೆತದ ನಂತರವೂ ಆಟ ನಡೆಯುತ್ತಿರುವ ಸಂಭವನೀಯತೆ ಶೇ 14ರಷ್ಟು. 20 ಎಸೆತಕ್ಕೆ 10,48,576ರಲ್ಲಿ 17,711, ಶೇ 1.7ರಷ್ಟು. ಫಿಬೊನಾಚಿ ಸಂಖ್ಯೆ ಪ್ರತಿ ಹೆಜ್ಜೆಗೆ ಸುಮಾರು 1.618 ಪಟ್ಟು ಬೆಳೆದರೆ ಒಟ್ಟು ಸಾಲುಗಳು 2 ಪಟ್ಟು ಬೆಳೆಯುತ್ತವೆ. ಬೆಳೆಯುತ್ತಲೇ ಹಿಂದೆ ಬೀಳುತ್ತದೆ. ಹಾಗಾಗಿ 1/4 + 1/8 + 2/16 + 3/32 + 5/64 + … ಎಂಬುದು 1ಕ್ಕೇ ಹೋಗಿ ಸೇರುತ್ತದೆ. ನಿಮ್ಮ ಪಟ್ಟಿ ಸರಿಯಿದೆಯೇ ಎಂದು ನೋಡಲು ಇದೇ ಒಳ್ಳೆಯ ತಾಳೆ: ಮೊತ್ತ 1 ದಾಟಿದರೆ ಯಾವುದೋ ಸಾಲು ಎರಡು ಸಲ ಬಂದಿದೆ. ಕಡಿಮೆ ಬಿದ್ದರೆ ಬಿಟ್ಟುಹೋಗಿದೆ, ಇಲ್ಲವೇ ಆ ನಿಯಮದ ಆಟ ಕೆಲವೊಮ್ಮೆ ನಿಲ್ಲುವುದೇ ಇಲ್ಲ.

11ಕ್ಕೆ ಸರಾಸರಿ 6 ಎಸೆತ, 10ಕ್ಕೆ 4 ಅಂತೀರಿ. ಎರಡಕ್ಕೂ ಕಾಲು ಸಂಭವನೀಯತೆ ತಾನೇ, ಈ ತಾರತಮ್ಯ ಯಾಕೆ?

ಮೊದಲು ಲೆಕ್ಕ. 11ರ ಸರಾಸರಿಯನ್ನು ಸ ಎನ್ನಿ. ಮೊದಲು 0 ಬಿದ್ದರೆ ಒಂದು ಎಸೆತ ವ್ಯರ್ಥ, ಮೊದಲಿನಿಂದ ಶುರು. 10 ಬಿದ್ದರೆ ಎರಡು ವ್ಯರ್ಥ, ಮೊದಲಿನಿಂದ ಶುರು. 11 ಬಿದ್ದರೆ ಎರಡಕ್ಕೇ ಮುಗಿಯಿತು. ಸ = ½(1 + ಸ) + ¼(2 + ಸ) + ¼ × 2. ಬಿಡಿಸಿದರೆ ಸ = 6.

10ಕ್ಕೆ ಕಾಯುವಾಗ ಮೊದಲು ಒಂದು 1 ಬೇಕು, ಸರಾಸರಿ 2 ಎಸೆತ. ಆಮೇಲೆ ಒಂದು 0 ಬೇಕು, ಮತ್ತೆ 2. ಒಟ್ಟು 4. ಇಲ್ಲಿ ನಡುವೆ ಇನ್ನೊಂದು 1 ಬಿದ್ದರೂ ನಷ್ಟವಿಲ್ಲ, ಕೈಯಲ್ಲಿ ಒಂದು 1 ಇದ್ದೇ ಇದೆ. 11ಕ್ಕೆ ಕಾಯುವವರಿಗೆ ನಡುವೆ ಬಿದ್ದ 0 ಗಳಿಸಿದ್ದನ್ನೂ ಕಿತ್ತುಕೊಳ್ಳುತ್ತದೆ.

ಉದ್ದನೆಯ ಸಾಲು ಬರೆದರೆ ಒಟ್ಟಾರೆ 11 ಎಷ್ಟು ಸಲ ಕಾಣುತ್ತದೋ 10 ಕೂಡ ಸರಾಸರಿ ಅಷ್ಟೇ ಸಲ ಕಾಣುತ್ತದೆ. ನಿಮ್ಮ ಅನುಮಾನದಲ್ಲಿ ನಿಜ ಇರುವುದು ಅಷ್ಟು. ಆದರೆ 11 ಗುಂಪಾಗಿ ಬರುತ್ತದೆ: 1111 ಎಂಬ ನಾಲ್ಕೇ ಅಂಕಿಯಲ್ಲಿ ಅದು ಮೂರು ಸಲ ಇದೆ. ಸಿಟಿ ಬಸ್ಸು ಮೂರು ಒಟ್ಟಿಗೆ ಬಂದು ಆಮೇಲೆ ಅರ್ಧ ಗಂಟೆ ಒಂದೂ ಇಲ್ಲದ ಹಾಗೆ. ದಿನದ ಬಸ್ಸಿನ ಸಂಖ್ಯೆ ಅಷ್ಟೇ ಇದ್ದರೂ ನಿಲ್ದಾಣದಲ್ಲಿ ನಿಂತವರ ಕಾಯುವಿಕೆ ಹೆಚ್ಚುತ್ತದೆ. ಒಂದು ರೂಪಾಯಿ ನಾಣ್ಯ ಹಿಡಿದು ಕೂತು, ನೋಟ್‌ಬುಕ್ಕಿನ ಎರಡು ಪುಟಗಳಲ್ಲಿ ಎರಡೂ ಆಟವನ್ನು ಐವತ್ತೈವತ್ತು ಸಲ ಆಡಿ ನೋಡಿ. 11ರ ಪುಟ ಬೇಗ ತುಂಬುತ್ತದೆ, ಅಲ್ಲೊಂದು ಇಲ್ಲೊಂದು ಸಾಲು ಅಂಚಿನವರೆಗೂ ಓಡುತ್ತದೆ.

## ಮನೆಮನೆಯ ಒಗಟು

ಒಂದೂರಲ್ಲಿ ಎಲ್ಲರೂ ಗಂಡು ಮಗು ಆಗುವವರೆಗೆ ಹೆರುತ್ತಾರೆ, ಆದಮೇಲೆ ನಿಲ್ಲಿಸ್ತಾರೆ. ಆ ಊರಲ್ಲಿ ಯಾರು ಜಾಸ್ತಿ?

ಇಬ್ಬರೂ ಸಮ. ಗಂಡು 1, ಹೆಣ್ಣು 0 ಎಂದರೆ ಮನೆಗಳು 1, 01, 001… ಪ್ರತಿ ಮನೆಯಲ್ಲಿ ಗಂಡು ಒಂದೇ. ಹೆಣ್ಣುಮಕ್ಕಳ ಸರಾಸರಿ 0 × 1/2 + 1 × 1/4 + 2 × 1/8 + 3 × 1/16 + …, ಅದೂ 1. ಹೆರಿಗೆ ಮನೆಯ ಬಾಗಿಲಲ್ಲಿ ಕೂತು ದಾಖಲೆ ಬರೆಯುವವರನ್ನು ನೆನೆಯಿರಿ. ಯಾರು ಮುಂದೆ ಹೆರುತ್ತಾರೆ, ಯಾರು ನಿಲ್ಲಿಸುತ್ತಾರೆ ಎಂಬುದು ಬದಲಾಗಬಹುದು. ಪ್ರತಿ ಹೆರಿಗೆಯೂ ಅರ್ಧರ್ಧವೇ. (ನಿಜವಾದ ಜನನದಲ್ಲಿ ಗಂಡು ತುಸು ಹೆಚ್ಚು, 100 ಹೆಣ್ಣಿಗೆ ಸುಮಾರು 105. ಒಗಟಿಗಾಗಿ ಸಮ ಎಂದುಕೊಂಡಿದ್ದೇವೆ.)

ಆದರೆ ಇದನ್ನು ಬರೀ ಒಗಟು ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ನಿಯಮ ಅನುಪಾತವನ್ನು ಮುಟ್ಟದಿದ್ದರೂ ಹೆಣ್ಣುಮಕ್ಕಳ ಬದುಕನ್ನು ಮುಟ್ಟುತ್ತದೆ. ಅದೇ ಊರಿನಲ್ಲಿ ಒಬ್ಬ ಹುಡುಗನನ್ನು ಕರೆದು "ನಿಮ್ಮ ಮನೆಯಲ್ಲಿ ಎಷ್ಟು ಮಕ್ಕಳು?" ಎಂದು ಕೇಳಿದರೆ ಸರಾಸರಿ ಉತ್ತರ 2. ಹುಡುಗಿಯನ್ನು ಕೇಳಿದರೆ ಸರಾಸರಿ 4. ಉದ್ದನೆಯ ಸಾಲುಗಳಲ್ಲೇ 0ಗಳು ಕಿಕ್ಕಿರಿದಿರುವುದು ಇದಕ್ಕೆ ಕಾರಣ. ಅದೇ ಊಟ, ಅದೇ ಫೀಸಿನ ದುಡ್ಡು ಹುಡುಗಿಯ ಮನೆಯಲ್ಲಿ ಹೆಚ್ಚು ಜನಕ್ಕೆ ಹಂಚಿಹೋಗುತ್ತದೆ. 2017-18ರ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಕೊನೆಯ ಮಗುವಿನ ಲಿಂಗಾನುಪಾತವನ್ನು ನೋಡಿಯೇ, ಗಂಡಿಗಾಗಿ ಕಾಯುತ್ತಾ ಹುಟ್ಟಿದ "ಬೇಡದ" ಹೆಣ್ಣುಮಕ್ಕಳು ಸುಮಾರು 2.1 ಕೋಟಿ ಎಂದು ಅಂದಾಜು ಮಾಡಿತು.

ಹಾಗಾದರೆ ಕೆಲವೆಡೆ ಹುಟ್ಟುವ ಹೆಣ್ಣುಮಕ್ಕಳ ಸಂಖ್ಯೆಯೇ ಕುಸಿದಿರುವುದು ಏಕೆ? ಅದು ನಿಲ್ಲಿಸುವ ನಿಯಮದ ಕೆಲಸವಲ್ಲ, ಆಗಲಾರದು. ಭ್ರೂಣದ ಲಿಂಗ ನೋಡಿ ಗರ್ಭ ತೆಗೆಸಿದರೆ ಮಾತ್ರ ಹಾಗಾಗುತ್ತದೆ. ಅದು ನಾಣ್ಯವನ್ನೇ ತಿರುಚಿದ ಹಾಗೆ. ಅದನ್ನು ತಡೆಯಲೆಂದೇ 1994ರ ಕಾಯ್ದೆ ಇದೆ.

ಮನೆಮನೆಗೆ ಹೋಗಿ ಗಂಡುಮಕ್ಕಳ ಶೇಕಡಾವಾರು ಬರೆದುಕೊಂಡು ಸರಾಸರಿ ತೆಗೆದೆ. 50 ಬರಲಿಲ್ಲ, 69 ಬಂತು. ತಪ್ಪೆಲ್ಲಿ?

ಗುಣಾಕಾರದಲ್ಲಿ ತಪ್ಪಿಲ್ಲ, ಕೇಳಿಕೊಂಡ ಪ್ರಶ್ನೆ ಬೇರೆ. ಒಂದೇ ಮಗುವಿನ ಮನೆಯಲ್ಲಿ ಗಂಡಿನ ಪಾಲು 1, ಎರಡರ ಮನೆಯಲ್ಲಿ 1/2, ಮೂರರ ಮನೆಯಲ್ಲಿ 1/3. ತೂಗಿ ಕೂಡಿಸಿದರೆ 1/2 + 1/8 + 1/24 + 1/64 + …, ಅದು 2ರ ಸ್ವಾಭಾವಿಕ ಲಾಗರಿದಮ್, ಸುಮಾರು 0.693. ಇಲ್ಲಿ ಒಂದು ಮಗುವಿನ ಮನೆಗೂ ಏಳು ಮಕ್ಕಳ ಮನೆಗೂ ಒಂದೇ ಮತ. ಊರಿನ ಅನುಪಾತ ಬೇಕಾದರೆ ಎಲ್ಲ ಮಕ್ಕಳನ್ನೂ ಒಂದೇ ಅಂಗಳಕ್ಕೆ ಕರೆದು ಎಣಿಸಬೇಕು.

## ಮುಂದುವರಿದವರಿಗೆ

ಸರಾಸರಿ ಕಡಿಮೆ ಇರುವ ಮಾದರಿಯೇ ಪೈಪೋಟಿಯಲ್ಲಿ ಮೊದಲು ಬರಬೇಕಲ್ಲವೇ?

ಹಾಗೇನಿಲ್ಲ. 1969ರಲ್ಲಿ ವಾಲ್ಟರ್ ಪೆನ್ನಿ ಮುಂದಿಟ್ಟ ಆಟದಲ್ಲಿ ಒಬ್ಬೊಬ್ಬರು ಒಂದೊಂದು ಮಾದರಿ ಆರಿಸಿಕೊಳ್ಳುತ್ತಾರೆ, ಯಾರದು ಮೊದಲು ಬೀಳುತ್ತದೋ ಅವರಿಗೆ ಗೆಲುವು. 000 ಆರಿಸಿದವರ ಎದುರು 100 ಆರಿಸಿದರೆ ಎಂಟರಲ್ಲಿ ಏಳು ಸಲ ಗೆಲುವು. ಮೊದಲ ಮೂರೂ 0 ಬಿದ್ದರೆ ಸರಿ, ಇಲ್ಲದಿದ್ದರೆ ಮೊದಲ 000ಕ್ಕೆ ಮುಂಚೆ ಒಂದು 1 ಇರಲೇಬೇಕು, ಆ 1ರ ಜೊತೆ ಸೇರಿ 100 ಆಗಲೇ ಬಿದ್ದಿರುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು 0101 ಮತ್ತು 1011ರ ಜೋಡಿ. ಒಂಟಿಯಾಗಿ ಕಾದರೆ ಮೊದಲನೆಯದಕ್ಕೆ ಸರಾಸರಿ 20 ಎಸೆತ, ಎರಡನೆಯದಕ್ಕೆ 18. ಆದರೂ ಎದುರುಬದುರಾದಾಗ ನಿಧಾನವಾದ 0101 ಹದಿನಾಲ್ಕರಲ್ಲಿ ಒಂಬತ್ತು ಪಾಲು ಮೊದಲು ಬರುತ್ತದೆ. ಇಬ್ಬರೂ ಒಂದೇ ಸಾಲನ್ನು ಹಂಚಿಕೊಂಡಾಗ ನಿಲ್ಲಿಸುವ ನಿಯಮವೇ ಹೊಸದಾಗುತ್ತದೆ. ಹಳೆಯ ಸರಾಸರಿಗಳು ಅದಕ್ಕೆ ಅನ್ವಯಿಸುವುದಿಲ್ಲ.

ಸಮೀಕರಣ ಬಿಡಿಸದೆ, ಮಾದರಿ ನೋಡಿದ ಕೂಡಲೇ ಸರಾಸರಿ ಹೇಳುವ ಉಪಾಯ ಇದೆಯಾ?

ಇದೆ. ಮಾದರಿಯ ಆರಂಭದ ತುಂಡು ಮತ್ತು ಕೊನೆಯ ತುಂಡು ಎಷ್ಟೆಷ್ಟು ಉದ್ದಕ್ಕೆ ಒಂದೇ ಆಗಿವೆ ಎಂದು ನೋಡಿ. ಅಂಥ ಪ್ರತಿ ಉದ್ದಕ್ಕೂ 2ರ ಅಷ್ಟನೇ ಘಾತ ಕೂಡಿಸಿ. ಇಡೀ ಮಾದರಿಯನ್ನೂ ಸೇರಿಸಬೇಕು. 101ರಲ್ಲಿ ಇಡಿಯಾಗಿ 3, ತುದಿಯಲ್ಲಿ 1: 8 + 2 = 10. 111ಕ್ಕೆ 8 + 4 + 2 = 14. 110ಕ್ಕೆ ಬರೀ 8.

ಇದು ಏಕೆ ಸರಿ ಎಂಬುದಕ್ಕೆ ಶುವೊ-ಯೆನ್ ರಾಬರ್ಟ್ ಲಿ 1980ರಲ್ಲಿ ಕೊಟ್ಟ ವಿವರಣೆ ಮುದ್ದಾಗಿದೆ. ಪ್ರತಿ ಎಸೆತಕ್ಕೆ ಮುಂಚೆ ಹೊಸಬನೊಬ್ಬ 1 ರೂಪಾಯಿ ತಂದು "1 ಬೀಳುತ್ತದೆ" ಎಂದು ಕಟ್ಟುತ್ತಾನೆ. ಗೆದ್ದರೆ 2 ರೂಪಾಯಿ, ಅದನ್ನಷ್ಟೂ 0ಯ ಮೇಲೆ, ಗೆದ್ದ 4ನ್ನು ಮತ್ತೆ 1ರ ಮೇಲೆ. 101 ಬಿದ್ದು ಆಟ ನಿಂತಾಗ ಮೂರು ಎಸೆತ ಹಿಂದೆ ಬಂದವನ ಕೈಯಲ್ಲಿ 8, ಆಗಷ್ಟೇ ಬಂದವನ ಕೈಯಲ್ಲಿ 2, ಉಳಿದವರು ಬರಿಗೈ. ಜೂಜು ಯಾರ ಕಡೆಗೂ ವಾಲಿಲ್ಲ, ಹಾಗಾಗಿ ಸರಾಸರಿಯಲ್ಲಿ ಒಳಗೆ ಬಂದ ಹಣವೂ 10 ಆಗಿರಬೇಕು. ಎಸೆತಕ್ಕೆ ಒಂದು ರೂಪಾಯಿಯಂತೆ, 10 ಎಸೆತ.

ಮೂರಂಕಿಯ ಎಂಟೂ ಮಾದರಿಗಳನ್ನು ಮೇಲೆ ಕೆಳಗೆ ಮಾಡದೆ ಬರೆಯಲು ಛಂದಸ್ಸಿನ "ಯಮಾತಾರಾಜಭಾನಸಲಗಂ" ಸೂತ್ರವೇ ಸಾಕು. ಗುರುವಿಗೆ 1, ಲಘುವಿಗೆ 0 ಹಾಕಿದರೆ 0111010001. ಎಡದಿಂದ ಮೂರು ಮೂರಾಗಿ ಓದುತ್ತಾ ಹೋಗಿ, ಎಂಟೂ ಒಂದೊಂದೇ ಸಲ ಸಿಗುತ್ತವೆ: ಅವುಗಳ ಸರಾಸರಿ ಕ್ರಮವಾಗಿ 8, 14, 8, 10, 10, 8, 14, 8.

ಹೆಡ್ಡು ಟೇಲನ್ನು ದಾಟಿದ ಕ್ಷಣವೇ ನಿಲ್ಲಿಸಿದರೆ ಯಾವಾಗಲೂ ಹೆಡ್ಡೇ ಜಾಸ್ತಿ! ನಾಣ್ಯವನ್ನೇ ಸೋಲಿಸಿದ ಹಾಗಲ್ವಾ?

ಮುಗಿಯುವ ಸಾಲುಗಳು 1, 011, 00111, 01011, ಆಮೇಲೆ 7 ಉದ್ದದವು ಐದು, 9 ಉದ್ದದವು ಹದಿನಾಲ್ಕು. 1, 1, 2, 5, 14… ಇವು ಕ್ಯಾಟಲಾನ್ ಸಂಖ್ಯೆಗಳು. ತೂಕಗಳ ಮೊತ್ತ 1, ಆದ್ದರಿಂದ ಆಟ ನಿಲ್ಲುವುದು ಖಚಿತ. ಆದರೆ ಬಹಳ ನಿಧಾನ: 7 ಎಸೆತದ ನಂತರವೂ 35/128, ಅಂದರೆ ಶೇ 27ರಷ್ಟು ಉಳಿದಿರುತ್ತದೆ. ಎಸೆತಗಳ ಸರಾಸರಿಯಂತೂ ಅನಂತ. ಮಿತಿಯಿಲ್ಲದ ಸಮಯ, ಮಿತಿಯಿಲ್ಲದ ಸಾಲ ಸಿಗುವವರಿಗೆ ಮಾತ್ರ ಈ ಗೆಲುವು. ಜೂಜಿನಲ್ಲಿ ಇದನ್ನು ನಂಬಿ ಮನೆ ಕಳೆದುಕೊಳ್ಳಬೇಡಿ ಎಂದು ಕೈ ಮುಗಿದು ಕೇಳುತ್ತೇನೆ.

ಈ ಆಟದಲ್ಲೊಂದು ರತ್ನ ಅಡಗಿದೆ. ನಿಂತಾಗ ಒಟ್ಟು ಎಸೆತದಲ್ಲಿ ಹೆಡ್ಡಿನ ಪಾಲು ಎಷ್ಟೆಂದು ಪ್ರತಿ ಆಟಕ್ಕೂ ಬರೆದು ಸರಾಸರಿ ತೆಗೆದರೆ 1 × 1/2 + 2/3 × 1/8 + 3/5 × 2/32 + 4/7 × 5/128 + … ಬರುತ್ತದೆ. ಈ ಶ್ರೇಣಿ 1ರ ವಿಲೋಮ ಸೈನಿನ ಅರ್ಧ, ಅಂದರೆ ಪೈಯ ಕಾಲು ಭಾಗ, 0.785ರಷ್ಟು. ವೃತ್ತದ ಸುಳಿವೇ ಇಲ್ಲದ ಜಾಗದಲ್ಲಿ ಪೈ ಬಂದು ನಿಲ್ಲುತ್ತದೆ.

ಪ್ರಯೋಗ ಮಾಡುವವರಿಗೆ ಇದೇ ಎಚ್ಚರಿಕೆ ಕೂಡ. ನಾಣ್ಯ ಸಮವೇ ಇದ್ದರೂ, ಬೇಕಾದ ಫಲ ಕಂಡೊಡನೆ ನಿಲ್ಲಿಸುವವರ ವರದಿಗಳ ಸರಾಸರಿ ಶೇ 78.5 ಹೆಡ್ ಎನ್ನುತ್ತದೆ. ಔಷಧದ ಪರೀಕ್ಷೆಯಲ್ಲಿ ಎಷ್ಟು ಜನರ ಮೇಲೆ, ಯಾವಾಗ ನಿಲ್ಲಿಸುತ್ತೇವೆ ಎಂದು ಮೊದಲೇ ಬರೆದಿಡಬೇಕು ಎನ್ನುವುದು ಇದಕ್ಕೇ.

ನಾಣ್ಯ ಒಂದು ಕಡೆಗೆ ವಾಲಿದ್ದರೆ ಈ ಎಣಿಕೆಯೆಲ್ಲ ವ್ಯರ್ಥವೇ?

ಎಣಿಕೆ ಹಾಗೇ ಉಳಿಯುತ್ತದೆ, ತೂಕ ಬದಲಾಗುತ್ತದೆ. 1 ಬೀಳುವ ಸಂಭವನೀಯತೆ 0.6 ಆದರೆ ಸಾಲಿನ ಪ್ರತಿ 1ಕ್ಕೆ 0.6, ಪ್ರತಿ 0ಗೆ 0.4 ಗುಣಿಸಿ. ಟೆನಿಸ್‌ನಲ್ಲಿ ಡ್ಯೂಸ್ ಆದಮೇಲೆ ಎರಡು ಪಾಯಿಂಟ್ ಮುಂದಾಗಬೇಕು. 10 ಅಥವಾ 01 ಬಿದ್ದರೆ ಮತ್ತೆ ಡ್ಯೂಸ್. ಪಾಯಿಂಟ್ ಗೆಲ್ಲುವ ಸಂಭವನೀಯತೆ 0.6 ಇರುವವರು ಗೇಮ್ ಗೆಲ್ಲುವುದು 0.36/(0.36 + 0.16), ಸುಮಾರು 0.69.

ಇದನ್ನೇ ತಿರುಗಿಸಿ ಹಾಕಿದರೆ ವಾಲಿದ ನಾಣ್ಯದಿಂದಲೂ ನ್ಯಾಯವಾದ ತೀರ್ಮಾನ ಹೊರಡಿಸಬಹುದು. 1951ರಲ್ಲಿ ಜಾನ್ ವಾನ್ ನಾಯ್ಮನ್ ತೋರಿಸಿಕೊಟ್ಟ ಉಪಾಯ ಅದು. ಎರಡೆರಡಾಗಿ ಚಿಮ್ಮಿ. 11 ಅಥವಾ 00 ಬಿದ್ದರೆ ಬಿಟ್ಟು ಮತ್ತೆ ಚಿಮ್ಮಿ. 10 ಬಿದ್ದರೆ ಅಕ್ಕನಿಗೆ, 01 ಬಿದ್ದರೆ ತಮ್ಮನಿಗೆ. ಎರಡಕ್ಕೂ ತೂಕ 0.6 × 0.4, ಒಂದೇ. ನಾಣ್ಯ ಎಷ್ಟು ವಾಲಿದೆ ಎಂಬುದು ಗೊತ್ತಿರಬೇಕಾಗಿಯೂ ಇಲ್ಲ. 0.6ರ ನಾಣ್ಯಕ್ಕೆ ಸರಾಸರಿ 4.17 ಎಸೆತ ಸಾಕು.